ಕಾರು ತೊಳೆಸೋಕೆ ಹೋಗಿ...

"ಗಾಡಿ ನ್ಯೂಟ್ರಲ್‌ನಲ್ಲಿರಲಿ. ಬ್ರೇಕ್ ಮೇಲೆ ಕಾಲಿಡಬೇಡಿ. ಸ್ಟೀರಿಂಗ್ ಮುಟ್ಟಬೇಡಿ."

ಮೂರೇ ಮೂರು ಸಾಲು. ಒಂದೊಂದು ಅಕ್ಷರವೂ ನನ್ನ ಅಂಗೈಯಷ್ಟು ದೊಡ್ಡದು. ಓದಿದೆ, ಅರ್ಥವೂ ಆಯ್ತು, ತಲೆಯನ್ನೂ ಆಡಿಸಿದೆ. ಅದಾದ ಒಂದು ನಿಮಿಷದೊಳಗೆ ಮೂರನೇ ಸಾಲನ್ನು ಮುರಿದೆ. ಈ ಕಥೆ ಬರೆಯಬೇಕೋ ಬೇಡವೋ ಅಂತ ಎರಡು ತಿಂಗಳಿಂದ ಯೋಚಿಸ್ತಾ ಇದ್ದೆ. ನನ್ನ ಮಾನ ಹೋದರೂ ಪರವಾಗಿಲ್ಲ, ನಿಮ್ಮಲ್ಲಿ ಒಬ್ಬರ ಕಾರಿನ ಚಕ್ರ ಉಳಿದರೆ ಸ್ವಲ್ಪ ಪುಣ್ಯನಾದ್ರೂ ಬರುತ್ತೆ ಅಂತ ಈಗ ಬರೀತಿದೀನಿ :-)

ನಾನಿರೋದು ಅಮೆರಿಕಾದ ಮಿಶಿಗನ್ ರಾಜ್ಯದ ನೋವೈ ಅನ್ನೋ ಊರಲ್ಲಿ. ಡೆಟ್ರಾಯಿಟ್‌ನಿಂದ ಅರ್ಧ ಗಂಟೆ ದಾರಿ. (ಫೋನಿನಲ್ಲಿ ಮೊದಲ ಸಲ ಊರಿನ ಹೆಸರು ಹೇಳಿದಾಗ ಅಮ್ಮ "ಎಲ್ಲಿ ನೋವೋ? ಡಾಕ್ಟರ್ ಹತ್ರ ಹೋದ್ಯಾ?" ಅಂತ ಗಾಬರಿಯಾಗಿದ್ದರು!) ಬೆಂಗಳೂರಿನ ಆಫೀಸಿನಿಂದ ಇಲ್ಲಿಗೆ ಕಳಿಸಿದಾಗ ಚಳಿಗಾಲ ಶುರುವಾಗ್ತಿತ್ತು. ಕಷ್ಟಪಟ್ಟು ಲೈಸೆನ್ಸ್ ತಗೊಂಡಿದ್ದೆ, ಆದರೆ ಕಾರು ಇರಲಿಲ್ಲ. ತರಕಾರಿ ತರೋಕೂ ಯಾರದ್ದಾದರೂ ಕಾರಿನ ಹಿಂದಿನ ಸೀಟೇ ಗತಿ.

ಆಗ ಪರಿಚಯ ಆದವರು ನಮ್ಮ ರಾಯರು. ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಬಿಸಿಬೇಳೆ ಬಾತ್ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದರು. ಮೈಸೂರಿನವರು. ಮೂವತ್ತು ವರ್ಷದಿಂದ ಇಲ್ಲೇ ಇದ್ದಾರೆ. ಕಾರು ಕಂಪನಿಯೊಂದರಲ್ಲಿ ಪೇಂಟ್ ಶಾಪ್ ಇಂಜಿನಿಯರ್ ಆಗಿದ್ದು ಈಗ ನಿವೃತ್ತರು. ನಾನು ಒಬ್ಬನೇ ಇದ್ದೀನಿ ಅಂತ ಗೊತ್ತಾದ ಮೇಲೆ ಪ್ರತಿ ಭಾನುವಾರ ಅವರ ಮನೆಯಿಂದ ಫೋನ್. "ಸಾರು ಮಾಡಿದ್ದಾಳೆ, ಬಾರಯ್ಯ." ಬರೋಕೆ ಕಾರಿಲ್ಲ ಅಂದ್ರೆ ತಾವೇ ಬಂದು ಕರ್ಕೊಂಡು ಹೋಗೋರು.

ಜನವರಿಯಲ್ಲಿ ಮಗಳ ಮದುವೆಗೆ ಅಂತ ಗಂಡ ಹೆಂಡತಿ ಇಬ್ಬರೂ ಆರು ವಾರ ಮೈಸೂರಿಗೆ ಹೊರಟರು. ಹೊರಡೋ ಹಿಂದಿನ ದಿನ ರಾಯರು ತಮ್ಮ ಕಾರಿನ ಕೀ ತಂದು ನನ್ನ ಕೈಯಲ್ಲಿಟ್ಟರು.

"ಈ ಚಳಿಗೆ ಸುಮ್ನೆ ನಿಲ್ಸಿದ್ರೆ ಬ್ಯಾಟರಿ ಸತ್ತು ಹೋಗುತ್ತೆ. ನೀನು ಓಡಿಸ್ತಾ ಇರು. ಇನ್ಶೂರೆನ್ಸ್‌ನಲ್ಲಿ ನಿನ್ನ ಹೆಸರು ಸೇರಿಸಿದ್ದೀನಿ."

ಆರು ವರ್ಷದ ಸೆಡಾನ್. ಕಡು ನೀಲಿ. ಹದಿನೆಂಟು ಇಂಚಿನ ಅಲಾಯ್ ಚಕ್ರ. ಅದನ್ನು ಅವರು ಹೇಗೆ ನೋಡಿಕೊಂಡಿದ್ದರು ಅಂದ್ರೆ ಒಳಗೆ ಕೂತರೆ ಹೊಸ ಪುಸ್ತಕ ತೆರೆದ ಹಾಗೆ ವಾಸನೆ. ಪರಿಚಯವಾಗಿ ಎರಡೂವರೆ ತಿಂಗಳು ಆಗಿತ್ತು, ಅಷ್ಟೇ. ನಮ್ಮ ಮನೆಯಲ್ಲಿ ಅಪ್ಪ ಇವತ್ತಿಗೂ ತಮ್ಮ ಸ್ಕೂಟರ್ ಕೀ ನನಗೆ ಎರಡು ಸಲ ಯೋಚನೆ ಮಾಡಿಯೇ ಕೊಡೋದು!

ಈಗ ಉಪ್ಪಿನ ವಿಷಯಕ್ಕೆ ಬರ್ತೀನಿ. ಇಲ್ಲಿ ಹಿಮ ಬಿದ್ದ ಕೂಡಲೇ ರಸ್ತೆಗೆಲ್ಲ ಕಲ್ಲುಪ್ಪು ಸುರೀತಾರೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟಲ್ಲ, ಹಾಗಾಗಿ ರಸ್ತೆ ಮೇಲೆ ಮಂಜುಗಡ್ಡೆ ನಿಲ್ಲಲ್ಲ. ಸುಮಾರು ಮೈನಸ್ 9 ಡಿಗ್ರಿ ತನಕ ಈ ಉಪಾಯ ಚೆನ್ನಾಗಿ ನಡೆಯುತ್ತೆ. ತಮಾಷೆ ಏನು ಅಂದ್ರೆ ಡೆಟ್ರಾಯಿಟ್ ನಗರದ ಕೆಳಗೇ ಒಂದು ದೊಡ್ಡ ಉಪ್ಪಿನ ಗಣಿ ಇದೆ. ನೆಲದಿಂದ ಸುಮಾರು 1,200 ಅಡಿ ಆಳದಲ್ಲಿ. 1910ರ ಸುಮಾರಿಗೆ ಶುರುವಾದದ್ದು. ರಸ್ತೆಗೆ ಹಾಕೋ ಉಪ್ಪು ಅಲ್ಲಿಂದಲೂ ಬರುತ್ತೆ. ಅಂದ್ರೆ ಮೇಲುಗಡೆ ಕಾರು ಮಾಡೋ ಊರು, ಕೆಳಗಡೆ ಕಾರು ತಿನ್ನೋ ಉಪ್ಪು!

ಜನವರಿ ಕೊನೆ ಹೊತ್ತಿಗೆ ಕಡು ನೀಲಿ ಕಾರು ಬೂದಿ ಬಳಿದುಕೊಂಡ ಹಾಗಾಗಿತ್ತು. ಬಾಗಿಲು ತೆಗೆದು ಇಳಿದರೆ ಪ್ಯಾಂಟಿಗೆ ಬಿಳಿ ಗೆರೆ. ಇಷ್ಟು ನಂಬಿ ಕೊಟ್ಟವರ ಕಾರು ಹೀಗಾಗಬಾರದು ಅನ್ನಿಸ್ತು. ಒಂದು ಶನಿವಾರ ಉಷ್ಣಾಂಶ ಸೊನ್ನೆ ದಾಟಿ ಎರಡು ಡಿಗ್ರಿಗೆ ಬಂತು, ಬಿಸಿಲೂ ಬಂತು. ಊರಿಗೆ ಊರೇ ಕಾರು ತೊಳೆಸೋಕೆ ಹೊರಟಿತ್ತು. ನಾನೂ ಹೊರಟೆ. ಅಪಾರ್ಟ್‌ಮೆಂಟಿನಲ್ಲಿ ಬಕೆಟ್ ಹಿಡ್ಕೊಂಡು ಕಾರು ತೊಳೆಯೋ ಹಾಗಿಲ್ಲ, ಹಾಗಾಗಿ ಆಟೋಮ್ಯಾಟಿಕ್ ಕಾರ್ ವಾಶ್ ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ನೋಡದೇ ಇರೋರಿಗೆ ಹೇಳ್ತೀನಿ. ಅದೊಂದು ಉದ್ದನೆ ಸುರಂಗ. ಬಾಗಿಲಲ್ಲಿ ಡ್ರೈವರ್ ಕಡೆಯ, ಅಂದ್ರೆ ಎಡಗಡೆಯ ಚಕ್ರಗಳಿಗೆ ನೆಲದಲ್ಲಿ ಒಂದು ಕಿರಿದಾದ ದಾರಿ, ಅದರ ಎರಡೂ ಕಡೆ ಕಬ್ಬಿಣದ ಕಂಬಿ. ನಮ್ಮ ಚಕ್ರವನ್ನು ಆ ಕಂಬಿಗಳ ನಡುವೆ ತೂರಿಸಬೇಕು. ಆಮೇಲೆ ನೆಲದಿಂದ ಒಂದು ರೋಲರ್ ಎದ್ದು ಚಕ್ರದ ಹಿಂದೆ ಬಂದು ಕಾರನ್ನು ಮೆಲ್ಲಗೆ ತಳ್ಳಿಕೊಂಡು ಹೋಗುತ್ತೆ. ಮುಂದೆ ಸೋಪು, ನೊರೆ, ಗಿರಗಿರ ತಿರುಗೋ ಬ್ರಶ್‌ಗಳು, ನೀರು, ಕೊನೆಗೆ ಬಿರುಗಾಳಿ ಬೀಸೋ ಯಂತ್ರ. ಮೂರ್ನಾಲ್ಕು ನಿಮಿಷದಲ್ಲಿ ಆ ಕಡೆಯಿಂದ ಹೊರಗೆ.

ಕಂಬಿಗಳ ನಡುವೆ ನೇರವಾಗಿಯೇ ತೂರಿಸಿದೆ. ಹುಡುಗ ಹೆಬ್ಬೆರಳು ಎತ್ತಿ ತೋರಿಸಿದ. ನ್ಯೂಟ್ರಲ್‌ಗೆ ಹಾಕಿದೆ, ಕಾಲು ತೆಗೆದೆ. ಕಾರು ತಾನಾಗೇ ಹೊರಟಿತು. ಗಾಜಿನ ಮೇಲೆಲ್ಲ ಗುಲಾಬಿ, ಹಳದಿ ನೊರೆ ಬಿತ್ತು. ಏನೂ ಕಾಣಿಸ್ತಿಲ್ಲ. ಎಡಗಡೆಯಿಂದ ಬ್ರಶ್ ಬಂದು ಧಡ್ ಅಂತ ಬಡಿದಾಗ ಕಾರು ಬಲಕ್ಕೆ ಜಾರುತ್ತಿದೆ ಅನ್ನಿಸಿಬಿಟ್ಟಿತು. ಜಾರುತ್ತಿರಲಿಲ್ಲ. ಪಕ್ಕದ ಬ್ರಶ್‌ಗಳು ಚಲಿಸೋದು ನೋಡಿ ಕಣ್ಣಿಗೆ ಹಾಗೆ ಮೋಸ ಆಗುತ್ತೆ, ರೈಲಿನಲ್ಲಿ ಕೂತಾಗ ಪಕ್ಕದ ರೈಲು ಹೊರಟರೆ ಆಗೋ ಥರ. ಆದರೆ ಕೈ ಕೇಳಬೇಕಲ್ಲ! ಹಿಮದ ರಸ್ತೆಯಲ್ಲಿ ಓಡಿಸಿ ಓಡಿಸಿ, ಜಾರಿದ ತಕ್ಷಣ ಸ್ಟೀರಿಂಗ್ ತಿರುಗಿಸೋದು ಅಭ್ಯಾಸ ಆಗಿತ್ತು. ಎಡಕ್ಕೆ ತಿರುಗಿಸಿದೆ.

ಕರ್ರ್‌ರ್‌ರ್...

ಆ ಶಬ್ದ ಇನ್ನೂ ಕಿವಿಯಲ್ಲಿದೆ. ಸ್ಲೇಟಿನ ಮೇಲೆ ಉಗುರು ಎಳೆದ ಹಾಗೆ. ಗಾಬರಿಯಲ್ಲಿ ಬ್ರೇಕ್ ಕೂಡ ಒತ್ತೋದರಲ್ಲಿದ್ದೆ. ಯಾವ ದೇವರು ಕಾಪಾಡಿದನೋ, ಒತ್ತಲಿಲ್ಲ. ಒತ್ತಿದ್ದರೆ ರೋಲರ್ ಚಕ್ರದಿಂದ ತಪ್ಪಿ ಮುಂದೆ ಹೋಗಿಬಿಡುತ್ತೆ, ನಮ್ಮ ಕಾರು ನಿಂತಲ್ಲೇ ನಿಲ್ಲುತ್ತೆ, ಹಿಂದಿನ ಕಾರು ಬಂದು ಗುದ್ದುತ್ತೆ. ಅಲ್ಲಿ ಆಗೋ ದೊಡ್ಡ ಅಪಘಾತಗಳು ಹೀಗೇ ಆಗೋದು ಅಂತ ಆಮೇಲೆ ಗೊತ್ತಾಯ್ತು.

ಹೊರಗೆ ಬಂದು ನೋಡಿದರೆ ಮುಂದಿನ ಎಡ ಚಕ್ರದ ಅಂಚಿನಲ್ಲಿ ಗೇಣುದ್ದದ ಗೀರು. ಬಣ್ಣ ಹೋಗಿ ಒಳಗಿನ ಬೆಳ್ಳಗಿನ ಅಲ್ಯೂಮಿನಿಯಂ ಕಾಣ್ತಿತ್ತು. ಉಳಿದ ಕಾರೆಲ್ಲ ಥಳಥಳ. ಟೈರಿಗೂ ಕರಿ ಪಾಲಿಶ್ ಹೊಡೆದಿದ್ದರಿಂದ ಗೀರು ಇನ್ನೂ ಎದ್ದು ಕಾಣ್ತಿತ್ತು. ಗೋಡೆ ಮೇಲೆ ಬೋರ್ಡ್ ಇತ್ತು, ಹಾನಿಗೆ ನಾವು ಜವಾಬ್ದಾರರಲ್ಲ ಅಂತ. ಅವರ ತಪ್ಪೂ ಇರಲಿಲ್ಲ ಬಿಡಿ. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ದು ನಾನೇ.

ಅವತ್ತು ರಾತ್ರಿ ರಾಯರ ಮೆಸೇಜ್. ಮದುವೆ ಚಪ್ಪರದ ಫೋಟೋ, ಕೆಳಗೆ "ಕಾರು ಹೇಗಿದೆ?"

"ಚೆನ್ನಾಗಿದೆ ಸಾರ್" ಅಂತ ಬರೆದೆ.

ಅಷ್ಟೇ. ಎರಡೇ ಶಬ್ದ. ಮದುವೆ ಮನೆಯಲ್ಲಿರೋರಿಗೆ ಇದನ್ನೆಲ್ಲ ಯಾಕೆ ಹೇಳೋದು ಅಂತ ಸಮಾಧಾನ ಮಾಡಿಕೊಂಡೆ. ಮದುವೆ ಆಯ್ತು, ಬೀಗರೂಟ ಆಯ್ತು. ಮುಂದಿನ ವಾರ ಮತ್ತೆ ಕೇಳಿದರು. ಮತ್ತೆ ಅದೇ ಉತ್ತರ. ಅದರ ಮುಂದಿನ ವಾರವೂ ಅಷ್ಟೇ. ಮೊದಲನೇ ದಿನ ಹೇಳಿದ್ದರೆ ಚಕ್ರದ ಗೀರು ಮಾತ್ರ ಇತ್ತು. ಈಗ ಮೂರು ಸುಳ್ಳೂ ಸೇರಿತ್ತು.

ಗುಟ್ಟಾಗಿ ರಿಪೇರಿ ಮಾಡಿಸೋಣ ಅಂತ ಚಕ್ರ ಸರಿ ಮಾಡೋ ಅಂಗಡಿಗೂ ಹೋದೆ. ನೂರೈವತ್ತು ಡಾಲರ್ ಹೇಳಿದ. ಆಮೇಲೆ ಉಳಿದ ಮೂರು ಚಕ್ರ ನೋಡಿ, "ಇವು ಆರು ವರ್ಷ ಹಳೇವು. ಇದೊಂದು ಹೊಸದರ ಹಾಗೆ ಹೊಳೆಯುತ್ತೆ, ಗೊತ್ತಾಗುತ್ತೆ" ಅಂದ. ಪೇಂಟ್ ಶಾಪ್ ಇಂಜಿನಿಯರ್ ಕಣ್ಣಿಗೆ ಗೊತ್ತಾಗದೇ ಇರುತ್ತಾ? ವಾಪಸ್ ಬಂದೆ. ಹಾಗಾಗಿ, ಆಮೇಲೆ ನಾನು ನಿಜ ಹೇಳಿದ್ದು ಬರೀ ಪ್ರಾಮಾಣಿಕತೆಯಿಂದ ಅಂತ ನೀವು ತಿಳ್ಕೊಬಾರದು.

ಮಾರ್ಚ್ ಮೊದಲ ವಾರ ಏರ್‌ಪೋರ್ಟಿಗೆ ಅದೇ ಕಾರು ತಗೊಂಡು ಹೋದೆ. ಅವರು ನಿಂತಿದ್ದ ಫುಟ್‌ಪಾತ್ ಕಾರಿನ ಬಲಗಡೆಗೆ ಬಂತು. ಎಡ ಚಕ್ರ ಅವರಿಗೆ ಕಾಣಲೇ ಇಲ್ಲ. ಮೇಡಂ ಹಿಂದಿನ ಸೀಟಿನಲ್ಲಿ ಕೂತು ಚಿರೋಟಿ ಡಬ್ಬ ನನ್ನ ಕೈಗೆ ಕೊಟ್ಟರು. ದಾರಿಯುದ್ದಕ್ಕೂ ಮದುವೆ ವಿಷಯ. ನನಗೆ ಒಂದೂ ತಲೆಗೆ ಹೋಗಲಿಲ್ಲ.

ಅವರ ಗ್ಯಾರೇಜಿನಲ್ಲಿ ಕಾರು ನಿಲ್ಲಿಸಿ, ಲೈಟ್ ಹಾಕಿ, ಸೂಟ್‌ಕೇಸ್ ಇಳಿಸೋಕೂ ಮುಂಚೆ ಹೇಳಿಬಿಟ್ಟೆ. ಯಾವತ್ತು ಆಗಿದ್ದು, ಹೇಗೆ ಆಗಿದ್ದು, ಮೂರು ಸಲ ಚೆನ್ನಾಗಿದೆ ಅಂದಿದ್ದು, ಎಲ್ಲ.

ರಾಯರು ಮಾತಾಡಲಿಲ್ಲ. ಮಂಡಿ ಹಿಡ್ಕೊಂಡು ನಿಧಾನಕ್ಕೆ ಕೆಳಗೆ ಕೂತರು. ಗೀರಿನ ಮೇಲೆ ಬೆರಳು ಆಡಿಸಿದರು. ಆಮೇಲೆ ಬಗ್ಗಿ ಕಾರಿನ ಕೆಳಗೆ ನೋಡಿದರು.

"ಕೆಳಗಡೆ ತೊಳೆಸಿದ್ಯಾ?"

"ಹಾಂ?"

"ಅಂಡರ್‌ಬಾಡಿ. ಕಾರಿನ ಹೊಟ್ಟೆ. ನೀರು ಕೆಳಗಿಂದ ಮೇಲಕ್ಕೆ ಹೊಡೀತಾರಲ್ಲ, ಅದು."

ಇಲ್ಲ. ನಾನು ತಗೊಂಡಿದ್ದ ಪ್ಯಾಕೇಜಿನಲ್ಲಿ ಬಣ್ಣದ ನೊರೆ ಇತ್ತು, ವ್ಯಾಕ್ಸ್ ಇತ್ತು, ಟೈರ್ ಪಾಲಿಶ್ ಇತ್ತು. ಅಂಡರ್‌ಬಾಡಿ ಇರಲಿಲ್ಲ. ಉಪ್ಪು ತೊಳೆಸೋಕೆ ಅಂತ ಹೋಗಿ, ಉಪ್ಪು ಇರೋ ಜಾಗ ಒಂದನ್ನು ಬಿಟ್ಟು ಉಳಿದದ್ದೆಲ್ಲ ತೊಳೆಸಿಕೊಂಡು ಬಂದಿದ್ದೆ! ಸಾಲದ್ದಕ್ಕೆ ದಿನಾ ರಾತ್ರಿ ನಮ್ಮ ಅಪಾರ್ಟ್‌ಮೆಂಟಿನ ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸ್ತಿದ್ದೆ. ಹೊರಗಿನ ಚಳಿಯಲ್ಲಿ ಉಪ್ಪು ಸುಮ್ಮನೆ ಅಂಟಿಕೊಂಡಿರುತ್ತೆ, ಬೆಚ್ಚಗಾದರೆ ಕರಗಿ ಸಂದುಗೊಂದಿಗೆಲ್ಲ ಇಳಿದು ತುಕ್ಕಿನ ಕೆಲಸ ಶುರು ಮಾಡುತ್ತೆ ಅಂತ ರಾಯರು ಹೇಳಿದರು.

"ಚಕ್ರದ ಗೀರು ನಾಳೆನೂ ಅಷ್ಟೇ ಇರುತ್ತೆ. ಅದಕ್ಕೆ ಕಾರು ನಿಲ್ಲಲ್ಲ. ಬ್ರೇಕ್ ಪೈಪ್ ತುಕ್ಕು ಹಿಡಿದರೆ ನಿಲ್ಲಬೇಕಾದಾಗ ನಿಲ್ಲಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, ನನ್ನ ಮುಖ ನೋಡದೆ, "ಮೊದಲನೇ ದಿನಾನೇ ಹೇಳಬೇಕಿತ್ತು ಕಣೋ. ಆವತ್ತೇ ಹೇಳಿದ್ರೆ ಅಂಡರ್‌ಬಾಡಿ ಮಾಡಿಸು ಅಂತ ಅಲ್ಲಿಂದಲೇ ಹೇಳ್ತಿದ್ದೆ" ಅಂದರು.

ಬೈದಿದ್ದು ಅಷ್ಟೇ. ಆದರೆ ಅಷ್ಟು ಸಾಕಿತ್ತು.

ಏಪ್ರಿಲ್‌ನಲ್ಲಿ ಹಿಮ ಎಲ್ಲ ಕರಗಿದ ಮೇಲೆ ಒಂದು ಭಾನುವಾರ ಇಬ್ಬರೂ ಕೂತು ಕಾರನ್ನು ಕೈಯಲ್ಲೇ ತೊಳೆದೆವು. ಆವತ್ತು ರಾಯರು ಹೇಳಿಕೊಟ್ಟಿದ್ದನ್ನು, ಆಮೇಲೆ ನಾನು ಓದಿ ತಿಳ್ಕೊಂಡಿದ್ದನ್ನು ಸೇರಿಸಿ ಬರೀತೀನಿ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ್ದಕ್ಕೂ ಇಷ್ಟು ಶ್ರದ್ಧೆಯಿಂದ ನೋಟ್ಸ್ ಮಾಡಿರಲಿಲ್ಲ.

ಮೊದಲು ಚಕ್ರ. ಟೈರಿನ ಪಕ್ಕದಲ್ಲಿ 225/45 R18 ಅಂತೆಲ್ಲ ಬರೆದಿರುತ್ತೆ. 225 ಅಂದರೆ ಟೈರಿನ ಅಗಲ ಮಿಲಿಮೀಟರಿನಲ್ಲಿ. 45 ಅಂದರೆ ಟೈರಿನ ಗೋಡೆಯ ಎತ್ತರ, ಆ ಅಗಲದ ಶೇಕಡಾ 45. ಅಂದ್ರೆ ಸುಮಾರು 101 ಮಿಲಿಮೀಟರ್. 205/65 R16 ಇದ್ದರೆ ಗೋಡೆ ಸುಮಾರು 133 ಮಿಲಿಮೀಟರ್. ಆ ಎರಡನೇ ಸಂಖ್ಯೆ ಚಿಕ್ಕದಾದಷ್ಟೂ ರಬ್ಬರ್ ಕಡಿಮೆ, ಲೋಹ ಹೆಚ್ಚು. ಗೋಡೆ ದಪ್ಪಗಿದ್ದರೆ ಕಂಬಿಗೆ ಮೊದಲು ರಬ್ಬರ್ ತಗಲುತ್ತೆ. ತೆಳ್ಳಗಿದ್ದರೆ ಅಲಾಯ್ ಅಂಚೇ ತಗಲುತ್ತೆ. ಆ ಸಂಖ್ಯೆ 45 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಅಥವಾ ಕಂಪನಿ ಕೊಟ್ಟಿದ್ದಕ್ಕಿಂತ ದೊಡ್ಡ ಚಕ್ರ ಹಾಕಿಸಿದ್ದರೆ ಕಂಬಿ ಇರೋ ಸುರಂಗಕ್ಕೆ ಹೋಗೋ ಮುಂಚೆ ಕೇಳಿಕೊಳ್ಳಿ. ಕೆಲವು ಕಡೆ ಕಂಬಿ ಬದಲು ಅಗಲವಾದ ಬೆಲ್ಟ್ ಇರುತ್ತೆ, ಏರ್‌ಪೋರ್ಟಿನಲ್ಲಿ ನಾವು ನಿಂತು ಹೋಗೋ ಬೆಲ್ಟಿನ ಥರ. ಕಾರು ಅದರ ಮೇಲೆ ಸುಮ್ಮನೆ ನಿಂತಿರುತ್ತೆ, ಚಕ್ರಕ್ಕೆ ಅಪಾಯ ತುಂಬಾ ಕಡಿಮೆ.

ಎರಡನೇದು ಬಣ್ಣ. ಇಲ್ಲಿ ರಾಯರು ಮೇಷ್ಟ್ರಾಗಿಬಿಟ್ಟರು. ಕಾರಿನ ಉಕ್ಕಿನ ಮೇಲೆ ಮೊದಲು ತುಕ್ಕು ತಡೆಯೋ ಒಂದು ಪದರ. ಇಡೀ ಕಾರಿನ ಮೈಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಅಂಟಿಸೋದು. ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಎಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಕ್ಲಿಯರ್ ಕೋಟ್ ಒಂದೇ ಅಂದರೆ ಸುಮಾರು 40ರಿಂದ 50. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತೆ. ಅಂದ್ರೆ ಕಾರಿನ ಹೊಳಪೆಲ್ಲ ಕೂದಲಿಗಿಂತ ತೆಳುವಾದ ಒಂದು ಪದರದ ಮೇಲೆ ನಿಂತಿದೆ!

ರಾಯರು ಟಾರ್ಚ್ ಹಿಡಿದು ಬಾನೆಟ್ ಮೇಲೆ ತೋರಿಸಿದರು. ಬೆಳಕಿನ ಸುತ್ತ ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ವೃತ್ತಗಳು. ನಿಜಕ್ಕೂ ಅವು ವೃತ್ತ ಅಲ್ಲ, ಎಲ್ಲ ದಿಕ್ಕಿಗೂ ಇರೋ ಗೀರುಗಳು. ಬೆಳಕಿಗೆ ಅಡ್ಡವಾಗಿರೋವು ಮಾತ್ರ ಮಿನುಗೋದರಿಂದ ವೃತ್ತದ ಹಾಗೆ ಕಾಣುತ್ತೆ. ಇದಕ್ಕೆ ಬ್ರಶ್ ಕಾರಣ ಅನ್ನೋದಕ್ಕಿಂತ ಬ್ರಶ್ಶಿಗೂ ಬಣ್ಣಕ್ಕೂ ನಡುವೆ ಸಿಕ್ಕ ಮರಳು ಕಾರಣ. ಮರಳು ನಮ್ಮ ಕಾರಿನದ್ದೇ ಇರಬಹುದು, ನಮಗಿಂತ ಮುಂದೆ ಹೋದ ಕೆಸರಿನ ಟ್ರಕ್ಕಿನದ್ದೂ ಇರಬಹುದು. ಈಗ ಎಷ್ಟೋ ಕಡೆ ಹಳೇ ನೈಲಾನ್ ಬ್ರಶ್ ಬದಲು ಮೆತ್ತನೆ ಫೋಮ್ ಅಥವಾ ಬಟ್ಟೆ ಇರುತ್ತೆ. ಅದು ಎಷ್ಟೋ ವಾಸಿ, ಆದರೆ ಬಟ್ಟೆ ಎಷ್ಟೇ ಮೆತ್ತಗಿದ್ದರೂ ಮರಳು ಮೆತ್ತಗಾಗಲ್ಲ.

ಬ್ರಶ್ಶೇ ಇಲ್ಲದ ಟಚ್‌ಲೆಸ್ ವಾಶ್ ಕೂಡ ಇದೆ. ಬರೀ ಜೋರು ನೀರು, ರಾಸಾಯನಿಕ. ಗೀರು ಬೀಳಲ್ಲ. ಆದರೆ ಉಜ್ಜೋ ಕೆಲಸವನ್ನು ರಾಸಾಯನಿಕವೇ ಮಾಡಬೇಕಾದ್ದರಿಂದ ಅದು ಖಾರ ಜಾಸ್ತಿ ಇರುತ್ತೆ, ವ್ಯಾಕ್ಸ್ ಬೇಗ ಹೋಗುತ್ತೆ, ಬಣ್ಣ ಹಚ್ಚದ ಪಾಲಿಶ್ ಅಲ್ಯೂಮಿನಿಯಂ ಚಕ್ರ ಇದ್ದರೆ ಮಂಕಾಗಬಹುದು. ರಾಯರ ಲೆಕ್ಕ ಸರಳ: ಚಳಿಗಾಲದಲ್ಲಿ ಎರಡು ವಾರಕ್ಕೊಮ್ಮೆ ಟಚ್‌ಲೆಸ್, ಜೊತೆಗೆ ತಪ್ಪದೇ ಅಂಡರ್‌ಬಾಡಿ. ಬೇಸಿಗೆಯಲ್ಲಿ ಕೈಯಲ್ಲಿ.

ಈಗ ಸುರಂಗಕ್ಕೆ ಹೋಗಲೇಬೇಕು ಅಂದರೆ ಇಷ್ಟು ನೆನಪಿಟ್ಟುಕೊಳ್ಳಿ:

1. ಸಾಲಿನಲ್ಲಿ ನಿಂತಾಗಲೇ ಕನ್ನಡಿ ಮಡಚಿ, ಕಿಟಕಿ ಪೂರ್ತಿ ಮುಚ್ಚಿ, ತಿರುಪಿ ತೆಗೆಯೋ ಆಂಟೆನಾ ಇದ್ದರೆ ತೆಗೆದಿಡಿ.

2. ವೈಪರ್ ಆಫ್ ಮಾಡಿ. ಮಳೆ ಬಂದರೆ ತಾನಾಗೇ ಆಡೋ ವೈಪರ್ ಇದ್ದರೆ ಅದನ್ನು ಮರೀಲೇಬೇಡಿ. ಅದಕ್ಕೆ ಮಳೆಗೂ ಕಾರ್ ವಾಶಿಗೂ ವ್ಯತ್ಯಾಸ ಗೊತ್ತಿಲ್ಲ. ಬ್ರಶ್ಶಿಗೆ ಸಿಕ್ಕಿ ಮುರಿಯುತ್ತೆ.

3. ಆಟೋ ಹೋಲ್ಡ್ ಆಫ್ ಮಾಡಿ. ತಾನಾಗೇ ಬ್ರೇಕ್ ಹಾಕೋ ಸುರಕ್ಷತಾ ವ್ಯವಸ್ಥೆ ಇದ್ದರೆ ಅದನ್ನೂ. ಎದುರಿಗೆ ಬ್ರಶ್ ಬಂದಾಗ ಯಾರೋ ಅಡ್ಡ ಬಂದರು ಅಂತ ಬ್ರೇಕ್ ಹಾಕಿಬಿಡಬಹುದು. ಹೊರಗೆ ಬಂದ ಮೇಲೆ ಮತ್ತೆ ಆನ್ ಮಾಡೋದು ಮರೀಬೇಡಿ.

4. ಎಷ್ಟೋ ಹೊಸ ಕಾರುಗಳು ಇಂಜಿನ್ ಆರಿಸಿದರೆ ಅಥವಾ ಬಾಗಿಲು ತೆಗೆದರೆ ತಾವೇ ಪಾರ್ಕ್‌ಗೆ ಹೋಗಿಬಿಡುತ್ತವೆ. ನ್ಯೂಟ್ರಲ್‌ನಲ್ಲಿ ನಿಲ್ಲಿಸೋದು ಹೇಗೆ ಅಂತ ಮೊದಲೇ ಮ್ಯಾನುಯಲ್ ಓದಿ. ಟೆಸ್ಲಾದಂಥ ಕಾರುಗಳಲ್ಲಿ ಕಾರ್ ವಾಶ್ ಮೋಡ್ ಅಂತಲೇ ಇದೆ. ಕಿಟಕಿ ಮುಚ್ಚಿ, ಚಾರ್ಜಿಂಗ್ ಬಾಗಿಲು ಲಾಕ್ ಮಾಡಿ, ವೈಪರ್ ನಿಲ್ಲಿಸುತ್ತೆ.

5. ಕೆಸರು ಮೆತ್ತಿದ್ದರೆ ಮೊದಲು ಬರೀ ನೀರು ಹೊಡೆಸಿ. ನಾವೇ ತೊಳೆಯೋ ಜಾಗಗಳಲ್ಲಿ ನೀರಿನ ಗನ್ ಉಪಯೋಗಿಸಿ, ಅಲ್ಲಿ ನೇತಾಡ್ತಿರೋ ಬ್ರಶ್ ಮಾತ್ರ ಮುಟ್ಟಬೇಡಿ. ನಿಮಗಿಂತ ಮುಂಚೆ ಅದರಲ್ಲಿ ಯಾರು ಏನು ಉಜ್ಜಿದ್ದಾರೋ!

6. ತೀರಾ ಚಳಿಯಲ್ಲಿ ತೊಳೆಸಿದರೆ, ಹೊರಗೆ ಬಂದ ಕೂಡಲೇ ಬಾಗಿಲ ರಬ್ಬರ್ ಒರೆಸಿ, ನಾಲ್ಕೂ ಬಾಗಿಲು ಒಂದೆರಡು ಸಲ ತೆಗೆದು ಹಾಕಿ. ಇಲ್ಲದಿದ್ದರೆ ಬೆಳಗ್ಗೆ ಅಂಟಿಕೊಂಡಿರುತ್ತೆ.

7. ನ್ಯೂಟ್ರಲ್. ಕಾಲು ತೆಗೀರಿ. ಕೈ ತೊಡೆ ಮೇಲೆ. ಕಾರು ಜಾರಿದ ಹಾಗೆ ಅನ್ನಿಸುತ್ತೆ. ಜಾರಲ್ಲ.

ಕೈಯಲ್ಲಿ ತೊಳೆಯೋದಾದರೆ ಎರಡು ಬಕೆಟ್ ಬೇಕು. ಒಂದರಲ್ಲಿ ಸೋಪು ನೀರು, ಇನ್ನೊಂದರಲ್ಲಿ ಬರೀ ನೀರು. ಉಜ್ಜಿದ ಬಟ್ಟೆಯನ್ನು ಮೊದಲು ಬರೀ ನೀರಲ್ಲಿ ಜಾಲಿಸಿ ಮರಳು ಬಿಡಿಸಿ, ಆಮೇಲೆ ಸೋಪಿನದಕ್ಕೆ ಅದ್ದಬೇಕು. ಮೇಲಿಂದ ಕೆಳಕ್ಕೆ ಬರಬೇಕು. ಚಕ್ರಕ್ಕೆ ಬೇರೆ ಬಟ್ಟೆ. ಕೆಳಗೆ ಬಿದ್ದ ಬಟ್ಟೆ ಮತ್ತೆ ಕಾರಿಗೆ ಮುಟ್ಟಿಸಬಾರದು. ಊರಲ್ಲಿ ಆಯುಧಪೂಜೆ ಹಿಂದಿನ ದಿನ ಅಪ್ಪ, ನಾನು ಒಂದೇ ಬಕೆಟ್, ಒಂದೇ ಹಳೇ ಬನಿಯನ್‌ನಲ್ಲಿ ಸ್ಕೂಟರ್‌ನ ಚಕ್ರದಿಂದ ಹಿಡಿದು ಹೆಡ್‌ಲೈಟ್ ತನಕ ತಿಕ್ಕುತ್ತಿದ್ದದ್ದು ಹೇಳಿದೆ. ರಾಯರು ಬಿದ್ದು ಬಿದ್ದು ನಕ್ಕರು. ಅವರ ಮನೆಯಲ್ಲೂ ಅದೇ ನಡೀತಿತ್ತಂತೆ. ಕಾರನ್ನು ಹುಲ್ಲಿನ ಅಂಚಿಗೆ ನಿಲ್ಲಿಸಿಕೊಂಡಿದ್ದೆವು, ಯಾಕಂದ್ರೆ ರಸ್ತೆ ಬದಿಯ ಮಳೆನೀರಿನ ಚರಂಡಿ ಶುದ್ಧೀಕರಣಕ್ಕೆ ಹೋಗದೆ ನೇರವಾಗಿ ಹೊಳೆಗೆ ಹೋಗುತ್ತೆ.

ಎಡ ಚಕ್ರ ನಾನೇ ತೊಳೆದೆ. ಗೀರು ಹಾಗೇ ಇತ್ತು. ರಿಪೇರಿಗೆ ಅಂತ ನೂರೈವತ್ತು ಡಾಲರ್ ಕವರಿನಲ್ಲಿಟ್ಟು ತಗೊಂಡು ಹೋಗಿದ್ದೆ. ರಾಯರು ಮುಟ್ಟಲಿಲ್ಲ. "ನಿನ್ನ ಕಾರಿಗೆ ವಿಂಟರ್ ಟೈರ್ ಹಾಕಿಸ್ಕೋ" ಅಂದರು. ನನಗೆ ಕಾರೇ ಇಲ್ಲವಲ್ಲ ಸಾರ್ ಅಂದೆ. "ಅದಕ್ಕೇ ಮೊದಲು ಕಾರು ತಗೋ ಅಂತಿರೋದು. ಮುಂದಿನ ಚಳಿಗಾಲಕ್ಕೆ ನನ್ನ ಕಾರು ಕೊಡಲ್ಲ."

ಮುಖ ಚಿಕ್ಕದಾಯ್ತು ನಂದು. ಆಮೇಲೆ ಅವರೇ ಕೈ ಒರೆಸಿಕೊಳ್ತಾ, "ಡಿಸೆಂಬರ್‌ನಲ್ಲಿ ಮತ್ತೆ ಊರಿಗೆ ಹೋಗ್ತೀವಿ. ಅಷ್ಟರೊಳಗೆ ತಗೊಂಡಿಲ್ಲ ಅಂದ್ರೆ ಕೀ ಅಲ್ಲೇ ಮೊಳೆಗೆ ನೇತು ಹಾಕಿರ್ತೀನಿ" ಅಂದರು.

ಹಳೇ ಕಾರೊಂದನ್ನು ಈಗ ನೋಡಿಟ್ಟಿದ್ದೀನಿ. ಟೈರಿನ ಮೇಲೆ 65 ಅಂತ ಇದೆ. ಅದನ್ನೇ ಮೊದಲು ನೋಡಿದ್ದು :-)

ನಿಮ್ಮ ಕಡೆ ಕಾರು ತೊಳೆಯೋದು ಹೇಗೆ? ನನ್ನ ಹಾಗೆ ಸುರಂಗದೊಳಗೆ ಸ್ಟೀರಿಂಗ್ ತಿರುಗಿಸಿದೋರು ಇನ್ನೊಬ್ಬರಾದರೂ ಇದ್ದೀರಾ? ಇದ್ದರೆ ದಯವಿಟ್ಟು ಹೇಳಿ, ಸ್ವಲ್ಪ ಸಮಾಧಾನ ಆಗುತ್ತೆ.